ಗುಗ್ಗುಳ, ಇಸಬ್‌ಗೋಲ್ ಮತ್ತು ನಮ್ಮ ಅವ್ವನ ಕೊಲೆಸ್ಟ್ರಾಲ್

(ನಮ್ಮ ಮಹಿಳಾ ವೇದಿಕೆಯ ಆನ್‌ಲೈನ್ ಸಭೆಯಲ್ಲಿ ಆಡಿದ ಮಾತು)

ಅಹಮದಾಬಾದ್, ವಡೋದರ, ಸೂರತ್ ಮೂರೂ ಊರಿನವರು ಒಟ್ಟಿಗೆ ಸೇರಬೇಕೆಂದರೆ ಈಗ ನಮಗೆ ಈ ಆನ್‌ಲೈನ್ ಸಭೆಯೇ ಗತಿ. ಯಾರದೋ ಮನೆಯಲ್ಲಿ ಕುಕ್ಕರ್ ಕೂಗುತ್ತಿದೆ, ಕೂಗಲಿ ಬಿಡಿ. ನಾನೂ ಅಡುಗೆಮನೆಯ ವಿಷಯವನ್ನೇ ಮಾತಾಡಲು ಬಂದಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಡಾಕ್ಟರ್ ಅಲ್ಲ. ಎಂ.ಟೆಕ್. ಓದಿ ಗಾಂಧಿನಗರದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವಳು. "ಕೊಲೆಸ್ಟ್ರಾಲ್‌ಗೆ ಮತ್ತು ಹೃದಯಕ್ಕೆ ನೈಸರ್ಗಿಕ ಪೂರಕಗಳು" ಎಂದು ವಿಷಯ ಕೊಟ್ಟಾಗ ಹಿಂಜರಿದೆ. ಆದರೆ ಈ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ, ಆ ತಪ್ಪು ಗೊತ್ತಾದ ಮೇಲೆ ಆರು ತಿಂಗಳು ಸಿಕ್ಕಿದ್ದೆಲ್ಲ ಓದಿದ್ದೇನೆ. ಅಷ್ಟೇ ನನ್ನ ಅರ್ಹತೆ.

ನಮ್ಮ ಅವ್ವ ಧಾರವಾಡದಲ್ಲಿರುತ್ತಾಳೆ. ಈಗ 63 ವರ್ಷ. ಮೂರು ವರ್ಷದ ಹಿಂದೆ ಒಂದು ಬೆಳಗಿನ ಜಾವ ಬೆನ್ನು, ದವಡೆ ಹಿಡಿದುಕೊಂಡಂತಾಗಿ ಬೆವರಿದಳು. "ವಾಯು ಆಗೇದ" ಅಂತ ಓಮಿನ ಕಾಳು ತಿಂದು ಮಲಗಿದಳು. ಪಕ್ಕದ ಮನೆಯವರು ನೋಡಿ ಆಸ್ಪತ್ರೆಗೆ ಕರೆದುಕೊಂಡು ಹೋಗದಿದ್ದರೆ ಇವತ್ತು ನಾನು ಈ ಮಾತು ಆಡುತ್ತಿರಲಿಲ್ಲ. ಒಂದು ಸ್ಟೆಂಟ್ ಹಾಕಿದರು. ರಾತ್ರಿ ಒಂದು ಅಟೊರ್ವಾಸ್ಟಾಟಿನ್, ಮಧ್ಯಾಹ್ನ ರಕ್ತ ತೆಳುವಾಗಿಸುವ ಗುಳಿಗೆ, ಬಿಪಿಗೆ ಒಂದು. ಹೆಂಗಸರಲ್ಲಿ ಹೃದಯದ ನೋವು ಸಿನಿಮಾದಲ್ಲಿ ತೋರಿಸಿದ ಹಾಗೆ ಎಡ ಎದೆ ಹಿಡಿದುಕೊಂಡೇ ಬರಬೇಕಾಗಿಲ್ಲ. ಬೆನ್ನು, ದವಡೆ, ಉಬ್ಬಸ, ವಾಕರಿಕೆ, ಕಾರಣವಿಲ್ಲದ ಸುಸ್ತು ಹೀಗೂ ಬರುತ್ತದೆ. ಇಲ್ಲಿ ಗುಜರಾತಿನಲ್ಲೂ "ಗ್ಯಾಸ್ ಥಯೊ ಛೆ" ಅಂತ ಸೋಡಾ ಕುಡಿಯುವವರನ್ನು ನೋಡಿದ್ದೇನೆ. 108 ಸಂಖ್ಯೆ ಅಲ್ಲೂ ಒಂದೇ, ಇಲ್ಲೂ ಒಂದೇ.

ಹೋದ ವರ್ಷ ಗಣೇಶ ಚೌತಿಗೆ ಊರಿಗೆ ಹೋಗುವಾಗ ನಾನು ಆನ್‌ಲೈನ್‌ನಲ್ಲಿ ಒಂದು ಡಬ್ಬಿ ತರಿಸಿಕೊಂಡು ಹೋದೆ. ಗುಗ್ಗುಳ, ಅರ್ಜುನದ ತೊಗಟೆ, ಬೆಳ್ಳುಳ್ಳಿ ಸೇರಿಸಿದ ಕ್ಯಾಪ್ಸೂಲ್. ಮೇಲೆ ಹಸಿರು ಎಲೆಯ ಚಿತ್ರ, ಕೆಂಪು ಹೃದಯದ ಚಿತ್ರ, "ನೂರಕ್ಕೆ ನೂರು ನೈಸರ್ಗಿಕ" ಅಂತ ದೊಡ್ಡ ಅಕ್ಷರ. ಸಾವಿರಾರು ಜನ ಐದು ನಕ್ಷತ್ರ ಕೊಟ್ಟಿದ್ದರು. ಆಫೀಸಿನಲ್ಲಿ ಒಂದು ಸಣ್ಣ ಲೈಬ್ರರಿ ಕೋಡಿಗೆ ಸೇರಿಸಬೇಕಾದರೆ ಹತ್ತು ಸಲ ಪರೀಕ್ಷಿಸುವ ನಾನು, ಹೆತ್ತ ತಾಯಿ ನುಂಗುವ ವಸ್ತುವನ್ನು ಎರಡು ನಿಮಿಷದಲ್ಲಿ ಕೊಂಡೆ. ಆ ಮಾತು ಈಗಲೂ ಚುಚ್ಚುತ್ತದೆ.

ದೀಪಾವಳಿ ಮುಗಿಸಿ ಅವ್ವ ಇಲ್ಲಿಗೆ ಬಂದಳು. ಡಿಸೆಂಬರಿನಲ್ಲಿ ಎಂದಿನಂತೆ ರಕ್ತ ಪರೀಕ್ಷೆ ಮಾಡಿಸಿದೆ. ಅವಳ ವರದಿಗಳನ್ನೆಲ್ಲ ನಾನು ಒಂದು ಎಕ್ಸೆಲ್ ಹಾಳೆಯಲ್ಲಿ ಇಟ್ಟಿದ್ದೇನೆ. ಹಿಂದಿನ ಸಾಲಿನಲ್ಲಿ ಎಲ್‌ಡಿಎಲ್ 64 ಇತ್ತು. ಈ ಸಲ 138. ನಮ್ಮಂಥವರಿಗೆ ಮೊದಲ ಅನುಮಾನ ಬರುವುದು ಅಂಕಿಯ ಮೇಲೆ. ಲ್ಯಾಬಿನವರದೇ ತಪ್ಪು ಅಂದುಕೊಂಡು ಬೇರೆ ಲ್ಯಾಬಿಗೆ ಕೊಟ್ಟೆ. ಅಲ್ಲಿ 141 ಬಂತು.

ಆಮೇಲೆ ಅವಳ ಪೆಟ್ಟಿಗೆ ತೆಗೆದು ನೋಡಿದೆ. ಇಳಕಲ್ ಸೀರೆಗಳ ಕೆಳಗೆ, ಒಡೆಯದ ಅಟೊರ್ವಾಸ್ಟಾಟಿನ್ ಪಟ್ಟಿಗಳು ಜೋಡಿಸಿಟ್ಟಿದ್ದವು. ಎಸೆಯಲು ಮನಸ್ಸು ಬಂದಿಲ್ಲ, ದುಡ್ಡು ಕೊಟ್ಟಿದ್ದಲ್ಲವೇ.

"ಯಾಕವಾ ಅವ್ವಾ ಹಿಂಗ ಮಾಡಿದಿ?" ಅಂದೆ.

"ಕಾಲು ಹಿಡಕೋತಿದ್ವು. ಆ ಗುಳಿಗಿ ಕಿಡ್ನಿಗೆ ಕೆಟ್ಟ ಅಂತ ನಮ್ಮ ಭಜನಾ ಗ್ರೂಪಿನ್ಯಾಗ ಬಂದಿತ್ತು. ನೀನ ತಂದುಕೊಟ್ಟಿಯಲ್ಲ, ಹಾರ್ಟಿನ ಗುಳಿಗಿ? ಒಂದಕ್ಕ ಎರಡೆರಡು ಯಾಕ ಅಂತ ಒಂದು ಬಿಟ್ಟೆ."

ನೋಡಿ, ಅವಳ ತರ್ಕದಲ್ಲಿ ತಪ್ಪೇನಿಲ್ಲ. ಡಬ್ಬಿಯ ಮೇಲೆ ಹೃದಯದ ಚಿತ್ರ ಇತ್ತು, ತಂದುಕೊಟ್ಟವಳು ಓದಿದ ಮಗಳು. "ಇದರ ಜೊತೆಗೆ ಅದನ್ನೂ ತಗೋ" ಅಂತ ನಾನು ಹೇಳಿರಲಿಲ್ಲ. ಹೇಳಬೇಕು ಅಂತ ಹೊಳೆದೂ ಇರಲಿಲ್ಲ. ಸ್ಟೆಂಟ್ ಇರುವ ಹೆಂಗಸು ನಾಲ್ಕು ತಿಂಗಳು ಕೊಲೆಸ್ಟ್ರಾಲ್ ಗುಳಿಗೆ ಇಲ್ಲದೆ ಇದ್ದಳು. ಏನೂ ಆಗಲಿಲ್ಲ, ಅದು ನಮ್ಮ ಅದೃಷ್ಟ.

ಈಗ ಸ್ವಲ್ಪ ವಿಷಯಕ್ಕೆ ಬರುತ್ತೇನೆ. ಕೊಲೆಸ್ಟ್ರಾಲ್ ಅಂದರೆ ವಿಷವಲ್ಲ. ದೇಹದ ಪ್ರತಿ ಕೋಶದ ಪೊರೆಗೂ ಅದು ಬೇಕು, ಹಾರ್ಮೋನಿಗೆ ಬೇಕು, ಪಿತ್ತರಸಕ್ಕೆ ಬೇಕು. ಬಹುಪಾಲನ್ನು ನಮ್ಮ ಲಿವರ್ ತಾನೇ ತಯಾರಿಸುತ್ತದೆ. ರಕ್ತದಲ್ಲಿ ಅದನ್ನು ಹೊತ್ತು ತಿರುಗುವ ಗಾಡಿಗಳಲ್ಲಿ ಎಲ್‌ಡಿಎಲ್ ಎಂಬುದು ಹೆಚ್ಚಾದರೆ ರಕ್ತನಾಳದ ಗೋಡೆಯೊಳಗೆ ನುಗ್ಗಿ ಕೂರುತ್ತದೆ. ವರ್ಷಗಟ್ಟಲೆ ಕೂತು ಒಂದು ದಿನ ಆ ಗಡ್ಡೆ ಒಡೆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ನೋವಿಲ್ಲ, ಸೂಚನೆಯಿಲ್ಲ. ರಕ್ತ ಪರೀಕ್ಷೆ ಮಾಡಿಸದೆ ತಿಳಿಯುವುದೇ ಇಲ್ಲ.

ಭಾರತದ ಹೃದಯ ತಜ್ಞರ ಸಂಘ, ಅಂದರೆ ಕಾರ್ಡಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾ, 2024ರಲ್ಲಿ ನಮ್ಮ ದೇಶಕ್ಕೇ ಅಂತ ಮಾರ್ಗಸೂಚಿ ತಂದಿತು. ಸಾಮಾನ್ಯರಿಗೆ ಎಲ್‌ಡಿಎಲ್ 100ರ ಒಳಗೆ, ಅಪಾಯ ಹೆಚ್ಚಿರುವವರಿಗೆ 70ರ ಒಳಗೆ, ಈಗಾಗಲೇ ಹೃದಯಾಘಾತ ಆದಂಥವರಿಗೆ 55ರ ಒಳಗೆ. ಮೊದಲ ಪರೀಕ್ಷೆ 18ನೇ ವಯಸ್ಸಿಗೇ ಮಾಡಿಸಿ ಎಂದೂ ಅದರಲ್ಲಿದೆ. ನಾವು 45 ದಾಟಿದ ಮೇಲೆ, ಅದೂ ಗಂಡನಿಗೆ ಮಾಡಿಸುವಾಗ ಜೊತೆಗೆ ಮಾಡಿಸಿಕೊಳ್ಳುತ್ತೇವೆ. ನಮ್ಮದೇ ಹೆಸರಿನಲ್ಲಿ ಒಂದು ಫೈಲ್ ಇರುವ ಹೆಂಗಸರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರಿ?

ಹೆದರಿಕೆ ಮಾತ್ರ ನಮಗೆಲ್ಲ ಇದೆ. 2021ರಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ ಇಲ್ಲಿ ನಮ್ಮ ಮನೆಗಳಲ್ಲೂ ಒಲೆ ಹೊತ್ತಿರಲಿಲ್ಲ. 2025ರಲ್ಲಿ ಹಾಸನದ ಸುದ್ದಿಗಳು ಬಂದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲು ನಿಂತರು. ಇಲ್ಲಿ 2023ರ ನವರಾತ್ರಿಯಲ್ಲಿ ಗರ್ಬಾ ಆಡುತ್ತಲೇ ಕುಸಿದವರ ಸುದ್ದಿ ಕೇಳಿದೆವು. ಹೆದರಿಕೆ ಇರುವ ಕಡೆ ಡಬ್ಬಿ ಮಾರುವವರೂ ಇರುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಡಬ್ಬಿಯೊಳಗೆ ಏನಿದೆ, ಅದನ್ನು ಯಾರು ಹೇಗೆ ಪರೀಕ್ಷಿಸಿದ್ದಾರೆ ಅಂತ ನಾವು ಕೇಳಬೇಕು.

ಹಾಗಾಗಿ ಮೊದಲು ನನ್ನ ಡಬ್ಬಿಯ ಗುಗ್ಗುಳದ ಬೆನ್ನು ಹತ್ತಿದೆ. ಗುಗ್ಗುಳ ನಮಗೆ ಹೊಸದಲ್ಲ. ಉತ್ತರ ಕರ್ನಾಟಕದಲ್ಲಿ ವೀರಭದ್ರ ದೇವರ ಮನೆತನದವರು ಮದುವೆಯಲ್ಲಿ ಗುಗ್ಗಳ ಹೊರಡಿಸುತ್ತಾರಲ್ಲ, ಪುರವಂತರು ಒಡಪು ಹೇಳುತ್ತ ಕುಣಿಯುತ್ತಾರಲ್ಲ, ಅದೇ ಗುಗ್ಗಳ. ಆ ಧೂಪದ ಅಂಟು ಬರುವ ಗಿಡ ಬೆಳೆಯುವುದು ನಮ್ಮ ಈ ಗುಜರಾತಿನ ಕಚ್ಛ್‌ನಲ್ಲಿ, ಪಕ್ಕದ ರಾಜಸ್ಥಾನದಲ್ಲಿ. ಒಣ ನೆಲದ ಮುಳ್ಳು ಗಿಡ. ತೊಗಟೆಗೆ ಗಾಯ ಮಾಡಿದರೆ ಅಂಟು ಒಸರುತ್ತದೆ. ಗಾಯ ಆಳವಾದರೆ ಗಿಡವೇ ಒಣಗಿ ಸಾಯುತ್ತದೆ. ಬೇಡಿಕೆ ಹೆಚ್ಚಿ, ಅಡ್ಡಾದಿಡ್ಡಿ ಕತ್ತರಿಸಿ, ಈಗ ಅದು ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನ ಅಂಚಿನ ಗಿಡ.

ಇದನ್ನು ಕೊಲೆಸ್ಟ್ರಾಲ್‌ಗೆ ತಂದವರ ಕಥೆ ನನಗೆ ಬಹಳ ಇಷ್ಟವಾಯಿತು, ಯಾಕೆಂದರೆ ಅವರು ಒಬ್ಬ ಹೆಂಗಸು. ಡಾ. ಜಿ. ವಿ. ಸತ್ಯವತಿ. ಸುಶ್ರುತ ಸಂಹಿತೆಯಲ್ಲಿ ಮೇದೋರೋಗದ ಬಗ್ಗೆ ಹೇಳಿರುವುದನ್ನು ಓದಿ, ಅದು ಇಂದಿನವರು ಹೇಳುವ ಕೊಬ್ಬು ಕಟ್ಟಿದ ರಕ್ತನಾಳದ ವರ್ಣನೆಯಂತೆಯೇ ಇದೆಯಲ್ಲ ಎಂದು ಗಮನಿಸಿದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮೊಲಗಳ ಮೇಲೆ ಗುಗ್ಗುಳವನ್ನು ಪ್ರಯೋಗಿಸಿ 1966ರಲ್ಲಿ ಪ್ರಬಂಧ ಬರೆದರು. ಮೊಲಗಳ ಕೊಲೆಸ್ಟ್ರಾಲ್ ಇಳಿಯಿತು. ಮುಂದೆ ಅವರು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ಅಂದರೆ ಐಸಿಎಂಆರ್‌ನ, ಮಹಾನಿರ್ದೇಶಕರಾದರು. ಅವರ ಕೆಲಸದಿಂದ ಲಖ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಗುಗ್ಗುಲಿಪಿಡ್ ಎಂಬ ಔಷಧವನ್ನೇ ತಯಾರಿಸಿತು. 1980ರ ದಶಕದಲ್ಲಿ ಅದು ಮಾರುಕಟ್ಟೆಗೂ ಬಂತು. ನಮ್ಮ ದೇಶದ ಕೆಲವು ಪ್ರಯೋಗಗಳಲ್ಲಿ ಒಳ್ಳೆಯ ಫಲಿತಾಂಶವೇ ಕಂಡಿತ್ತು.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. 2003ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದವರು 103 ಜನರ ಮೇಲೆ ಎಂಟು ವಾರ ಪರೀಕ್ಷೆ ಮಾಡಿದರು. ಕೆಲವರಿಗೆ ಗುಗ್ಗುಳದ ಸಾರ, ಕೆಲವರಿಗೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ನುಂಗುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಕೊನೆಗೆ ನೋಡಿದರೆ ಗುಗ್ಗುಳ ತಿಂದವರ ಎಲ್‌ಡಿಎಲ್ ಇಳಿಯುವ ಬದಲು ಶೇಕಡ 4ರಿಂದ 5ರಷ್ಟು ಏರಿತ್ತು. ಏನೂ ಇಲ್ಲದ ಮಾತ್ರೆ ತಿಂದವರದು ಶೇಕಡ 5ರಷ್ಟು ಇಳಿದಿತ್ತು. ಕೆಲವರಿಗೆ ಮೈಮೇಲೆ ದದ್ದು ಎದ್ದವು.

ಅವರ ಊಟ ಬೇರೆ, ನಮ್ಮ ಊಟ ಬೇರೆ, ಒಂದು ಪ್ರಯೋಗದಿಂದ ಎಲ್ಲ ತೀರ್ಮಾನವಾಗುವುದಿಲ್ಲ ಅಂತ ವಾದಿಸಬಹುದು. ನಾನೂ ವಾದಿಸಿ ನೋಡಿದೆ. ಆದರೆ ಸ್ಟೆಂಟ್ ಹಾಕಿಸಿಕೊಂಡ ತಾಯಿಯನ್ನು ಆ ವಾದದ ಮೇಲೆ ನಿಲ್ಲಿಸಲು ಧೈರ್ಯ ಸಾಲದು. ಇನ್ನೊಂದು ವಿಷಯ, ಗುಗ್ಗುಳ ಕೆಲವು ಬಿಪಿ, ಹೃದಯದ ಗುಳಿಗೆಗಳು ರಕ್ತಕ್ಕೆ ಸೇರುವುದನ್ನು ಕಡಿಮೆ ಮಾಡುತ್ತದೆ. ನಿಮ್ಮ ವೈದ್ಯರು, ಆಯುರ್ವೇದದವರೇ ಆಗಲಿ, ನೋಡಿ ಬರೆದುಕೊಟ್ಟಿದ್ದರೆ ಅದು ಅವರ ಜವಾಬ್ದಾರಿ. ನನ್ನ ಹಾಗೆ ನಕ್ಷತ್ರ ಎಣಿಸಿ ತರಿಸಬೇಡಿ.

ಇನ್ನು ಇದೇ ಗುಜರಾತಿನ ಇನ್ನೊಂದು ಬೆಳೆ. ಅಂಬಾಜಿಗೋ ಅಬುಗೋ ಹೋಗುವಾಗ ಅಹಮದಾಬಾದಿನಿಂದ ಪಾಲನ್‌ಪುರದ ರಸ್ತೆ ಹಿಡಿದರೆ ಮೆಹಸಾಣಾ ಆದ ಮೇಲೆ ಊಂಝಾ, ಸಿದ್ಧಪುರ ಸಿಗುತ್ತವೆ. ಊಂಝಾ ಅಂದರೆ ನಾವು ಜೀರಿಗೆ ಅಂದುಕೊಳ್ಳುತ್ತೇವೆ. ಪ್ರಪಂಚದ ಇಸಬ್‌ಗೋಲ್ ವ್ಯಾಪಾರದ ದೊಡ್ಡ ಪಾಲೂ ಆ ಸುತ್ತಿನದೇ. ಅಮೆರಿಕದಲ್ಲಿರುವ ನಮ್ಮ ಅಣ್ಣ ಸಿಲಿಯಂ ಅಂತ ಡಾಲರ್ ಕೊಟ್ಟು ಕೊಳ್ಳುವುದು ಇಲ್ಲಿಂದಲೇ ಹೋದ ಹೊಟ್ಟು. ಚಳಿಗಾಲದ ಬೆಳೆ. ಕೊಯ್ಲಿನ ಹೊತ್ತಿಗೆ ಒಂದು ಮಳೆ ಬಿದ್ದರೆ ಬೀಜ ಉದುರಿ ರೈತನ ಕೈಗೆ ಏನೂ ಬರುವುದಿಲ್ಲ. ಬೀಜದ ಮೇಲಿನ ತೆಳು ಪೊರೆಯನ್ನು ಬಿಡಿಸಿ ತೂರಿ ತೆಗೆದರೆ ಅದೇ ಬಿಳಿ ಹೊಟ್ಟು, ಬೀಜದ ತೂಕದ ಕಾಲು ಭಾಗದಷ್ಟು. ಹೆಸರು ಪಾರಸಿ ಭಾಷೆಯದು, ಕುದುರೆಯ ಕಿವಿ ಅಂತ ಅರ್ಥ. ಬೀಜ ನೋಡಿದರೆ ಹೌದಲ್ಲ ಅನಿಸುತ್ತದೆ.

ಇದನ್ನು ನಾವು ಮಲಬದ್ಧತೆಗೆ ಮಾತ್ರ ಅಂತ ಅಂದುಕೊಂಡಿದ್ದೇವೆ. ಕೊಲೆಸ್ಟ್ರಾಲ್‌ಗೆ ಹೇಗೆ ಕೆಲಸ ಮಾಡುತ್ತದೆ ನೋಡಿ. ಲಿವರ್ ಪಿತ್ತರಸವನ್ನು ಕೊಲೆಸ್ಟ್ರಾಲ್‌ನಿಂದ ತಯಾರಿಸಿ ಕರುಳಿಗೆ ಬಿಡುತ್ತದೆ. ಕೆಲಸ ಮುಗಿದ ಮೇಲೆ ಅದರಲ್ಲಿ ಹೆಚ್ಚಿನದನ್ನು ವಾಪಸ್ ಹೀರಿಕೊಳ್ಳುತ್ತದೆ, ನಾವು ಪಾತ್ರೆ ತೊಳೆದ ನೀರನ್ನು ಗಿಡಕ್ಕೆ ಹಾಕುವ ಹಾಗೆ. ಇಸಬ್‌ಗೋಲ್ ನೀರು ಕುಡಿದು ಲೋಳೆಯಾಗಿ ಆ ಪಿತ್ತವನ್ನು ಹಿಡಿದುಕೊಂಡು ಹೊರಗೆ ಒಯ್ಯುತ್ತದೆ. ಆಗ ಲಿವರ್ ಹೊಸ ಪಿತ್ತ ಮಾಡಲು ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳಬೇಕಾಗುತ್ತದೆ. ಇದರಲ್ಲಿ ರಹಸ್ಯವೇನೂ ಇಲ್ಲ. ಇಸಬ್‌ಗೋಲ್ ಹೊಟ್ಟಿನ ಕರಗುವ ನಾರಿನಂಶ ದಿನಕ್ಕೆ 7 ಗ್ರಾಂ ಸೇರಿದರೆ ಹೃದ್ರೋಗದ ಅಪಾಯ ಕಡಿಮೆಯಾಗಬಹುದು ಎಂದು ಡಬ್ಬಿಯ ಮೇಲೆ ಬರೆಯಲು ಅಮೆರಿಕದ ಎಫ್‌ಡಿಎ 1998ರಲ್ಲೇ ಒಪ್ಪಿಗೆ ಕೊಟ್ಟಿದೆ. ಅದಕ್ಕೆ ಸುಮಾರು 10 ಗ್ರಾಂ ಹೊಟ್ಟು ಬೇಕು, ಎರಡು ದೊಡ್ಡ ಚಮಚದಷ್ಟು. ಹಲವಾರು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದರೆ ಎಲ್‌ಡಿಎಲ್ ಇಳಿಯುವುದು ಸುಮಾರು ಶೇಕಡ 7.

ಶೇಕಡ 7 ಅಂದರೆ ಎಷ್ಟು? 150 ಇದ್ದದ್ದು 140 ಆಗುತ್ತದೆ. ಇಷ್ಟೇನಾ ಅಂದರೆ ಇಷ್ಟೇ. ಆದರೆ ಇದು ನಿಜವಾದ 7. ಡಬ್ಬಿಯ ಮೇಲಿನ 50ಕ್ಕಿಂತ ನನಗೆ ಈ 7ರ ಮೇಲೆ ನಂಬಿಕೆ.

ತೆಗೆದುಕೊಳ್ಳುವಾಗ ಎರಡು ಎಚ್ಚರಿಕೆ, ದಯವಿಟ್ಟು ಬರೆದುಕೊಳ್ಳಿ. ಒಂದು ದೊಡ್ಡ ಲೋಟ ನೀರಿನಲ್ಲಿ ಕಲಸಿ ತಕ್ಷಣ ಕುಡಿಯಬೇಕು, ಮೇಲೆ ಮತ್ತೆ ನೀರು. ಒಣ ಹೊಟ್ಟು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ನುಂಗಲು ತೊಂದರೆ ಇರುವ ಹಿರಿಯರಿಗೆ, ಕರುಳಿನ ಆಪರೇಷನ್ ಆದವರಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ. ಎರಡನೆಯದು, ಬೇರೆ ಗುಳಿಗೆಗಳಿಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಥೈರಾಯ್ಡ್ ಗುಳಿಗೆ ಬೆಳಿಗ್ಗೆ ನುಂಗುವವರು ನಮ್ಮಲ್ಲಿ ಬಹಳ ಜನ, ಅದನ್ನೂ ಈ ಲೋಳೆ ಹಿಡಿದುಕೊಂಡು ಹೋದರೆ ಕಷ್ಟ. ಮೊದಲ ದಿನವೇ ಎರಡು ಚಮಚ ಹಾಕಿದರೆ ಹೊಟ್ಟೆ ಉಬ್ಬರಿಸಿ ನನ್ನನ್ನು ಬೈಯುತ್ತೀರಿ. ಅರ್ಧ ಚಮಚದಿಂದ ಶುರು ಮಾಡಿ.

ಇದೇ ಜಾತಿಯ ಕರಗುವ ನಾರು ಓಟ್ಸ್‌ನಲ್ಲಿದೆ, ಜವೆಗೋಧಿಯಲ್ಲಿದೆ, ಮೆಂತ್ಯದಲ್ಲಿದೆ, ನಮ್ಮ ಕಾಳುಗಳಲ್ಲಿದೆ. ಅಗಸಿ ಚಟ್ನಿಯನ್ನು ನಾನು ಬಿಡುವವಳಲ್ಲ. ಇಲ್ಲಿಯವರು ಊಟದ ಮೇಲೆ ಮುಖವಾಸ್‌ನಲ್ಲಿ ಅದೇ ಅಗಸೆಯನ್ನು ಹುರಿದು ಜಗಿಯುತ್ತಾರೆ. ಇಡೀ ಕಾಳು ಬಂದ ಹಾಗೇ ಹೊರಗೆ ಹೋಗುತ್ತದೆ, ಪುಡಿ ಮಾಡಿದರೆ ಅಥವಾ ಚೆನ್ನಾಗಿ ಅಗಿದರೆ ಮಾತ್ರ ಉಪಯೋಗ. ಅಗಸೆ ಎಣ್ಣೆಯ ಕ್ಯಾಪ್ಸೂಲಿನಲ್ಲಿ ಆ ನಾರು ಇರುವುದಿಲ್ಲ, ಎಲ್‌ಡಿಎಲ್ ಕೂಡ ಅದರಿಂದ ಇಳಿದಂತೆ ಕಂಡಿಲ್ಲ. ಮಂಗಳೂರು, ಉಡುಪಿ ಕಡೆಯ ಅಕ್ಕಂದಿರು ನನ್ನ ಮೇಲೆ ಸಿಟ್ಟಾಗಬೇಡಿ. ತೆಂಗಿನೆಣ್ಣೆ ಹೃದಯಕ್ಕೆ ಅಮೃತ ಎಂಬ ವಿಡಿಯೊ ನನಗೂ ಬಂದಿದೆ. ಶೇಂಗಾ, ಸೂರ್ಯಕಾಂತಿ ಥರದ ಎಣ್ಣೆಗಳ ಜೊತೆ ಇಟ್ಟು ನೋಡಿದಾಗ ಅದು ಎಲ್‌ಡಿಎಲ್ ಅನ್ನು ಏರಿಸುತ್ತದೆ. ಒಗ್ಗರಣೆಗೆ ಒಂದು ಚಮಚ, ರುಚಿಗೆ ಅಂತ ತಿನ್ನಿ, ಔಷಧಿ ಅಂತ ಕುಡಿಯಬೇಡಿ.

ಇಷ್ಟು ಹೇಳಿದಾಗ ನನ್ನ ಗೆಳತಿಯೊಬ್ಬಳು ಕೇಳಿದಳು, "ಆದರೂ ಕೆಮಿಕಲ್‌ಗಿಂತ ನ್ಯಾಚುರಲ್ ಒಳ್ಳೆಯದಲ್ಲವಾ?" ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನನಗೇ ಆಶ್ಚರ್ಯ ಕಾದಿತ್ತು. ಅವ್ವ ಸೀರೆಯ ಕೆಳಗೆ ಬಚ್ಚಿಟ್ಟ ಆ "ಇಂಗ್ಲಿಷ್ ಗುಳಿಗಿ"ಯ ಮೂಲ ಬೂಷ್ಟು. ಜಪಾನಿನ ಅಕಿರಾ ಎಂಡೊ ಎಂಬ ವಿಜ್ಞಾನಿ ಸಾವಿರಾರು ಬೂಷ್ಟುಗಳನ್ನು ಬೆಳೆಸಿ ನೋಡಿ, 1973ರಲ್ಲಿ ಒಂದರಲ್ಲಿ ಕೊಲೆಸ್ಟ್ರಾಲ್ ತಯಾರಿಕೆ ತಡೆಯುವ ವಸ್ತು ಕಂಡುಹಿಡಿದರು. ಆ ಬೂಷ್ಟು ಸಿಕ್ಕಿದ್ದು ಕ್ಯೋಟೊದ ಒಂದು ಧಾನ್ಯದಂಗಡಿಯ ಅಕ್ಕಿಯಲ್ಲಿ. ಇನ್ನೊಂದು ಬೂಷ್ಟಿನಿಂದ ತೆಗೆದ ಲೊವಾಸ್ಟಾಟಿನ್‌ಗೆ 1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಸ್ಟಾಟಿನ್ ವಂಶ ಶುರುವಾಗಿದ್ದು ಹೀಗೆ.

ಈಗ ಆನ್‌ಲೈನ್‌ನಲ್ಲಿ "ರೆಡ್ ಯೀಸ್ಟ್ ರೈಸ್" ಅಂತ ಕೆಂಪಕ್ಕಿ ಕ್ಯಾಪ್ಸೂಲ್ ಮಾರುತ್ತಾರೆ. ನಮ್ಮ ಕರಾವಳಿಯ ಕೆಂಪು ಕುಚ್ಚಲಕ್ಕಿಗೂ ಅದಕ್ಕೂ ಸಂಬಂಧವಿಲ್ಲ, ಅದು ಕೆಂಪು ಬೂಷ್ಟು ಹಿಡಿಸಿದ ಅಕ್ಕಿ. ಅದರಲ್ಲಿರುವ ಮೊನಾಕೊಲಿನ್ ಕೆ ಎಂಬ ವಸ್ತು ಲೊವಾಸ್ಟಾಟಿನ್ನೇ, ಒಂದು ಅಣುವೂ ವ್ಯತ್ಯಾಸವಿಲ್ಲ. ಅಂದರೆ ಸ್ಟಾಟಿನ್ ಬೇಡವೆಂದು ಬಿಟ್ಟವರು ಅಳತೆಯಿಲ್ಲದ ಸ್ಟಾಟಿನ್ ತಿನ್ನುತ್ತಾರೆ. 2024ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಇಂಥದೇ ಒಂದು ಪೂರಕ ತಿಂದು ಕಿಡ್ನಿ ಕೆಟ್ಟು ನೂರಾರು ಜನ ಆಸ್ಪತ್ರೆ ಸೇರಿದರು. ತಯಾರಿಸುವ ಕಡೆ ಬೇಡದ ಬೇರೊಂದು ಬೂಷ್ಟು ಸೇರಿಕೊಂಡಿತ್ತು. ನೈಸರ್ಗಿಕವೇ, ಅದೂ ನೈಸರ್ಗಿಕವೇ.

ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿ ನೋಡಿದವರೂ ಇದ್ದಾರೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು 2022ರಲ್ಲಿ ಮೀನೆಣ್ಣೆ, ದಾಲ್ಚಿನ್ನಿ, ಬೆಳ್ಳುಳ್ಳಿ, ಅರಿಶಿನ, ಸಸ್ಯ ಸ್ಟೆರಾಲ್, ಆ ಕೆಂಪಕ್ಕಿ, ಹೀಗೆ ಆರು ಪೂರಕಗಳನ್ನು ಬರೀ 5 ಮಿಲಿಗ್ರಾಂ ರೊಸುವಾಸ್ಟಾಟಿನ್ ಜೊತೆ ಹೋಲಿಸಿದರು. 28 ದಿನದಲ್ಲಿ ರೊಸುವಾಸ್ಟಾಟಿನ್ ಎಲ್‌ಡಿಎಲ್ ಅನ್ನು ಸುಮಾರು ಶೇಕಡ 38ರಷ್ಟು ಇಳಿಸಿತು. ಆರು ಪೂರಕಗಳಲ್ಲಿ ಒಂದೂ ಸುಳ್ಳು ಮಾತ್ರೆಗಿಂತ ಹೆಚ್ಚು ಮಾಡಲಿಲ್ಲ. ಬೆಳ್ಳುಳ್ಳಿಯವರದು ಸ್ವಲ್ಪ ಏರಿತ್ತು ಕೂಡ. ಈ ಅಧ್ಯಯನಕ್ಕೆ ಹಣ ಕೊಟ್ಟದ್ದು ರೊಸುವಾಸ್ಟಾಟಿನ್ ಮಾರುವ ಕಂಪನಿಯೇ, ಅದನ್ನೂ ಹೇಳಬೇಕು. 28 ದಿನ ಕಡಿಮೆ ಅವಧಿ ಎಂಬುದೂ ನಿಜ. ಸಸ್ಯ ಸ್ಟೆರಾಲ್ ಬೇರೆ ಪ್ರಯೋಗಗಳಲ್ಲಿ ಸ್ವಲ್ಪ ಇಳಿಸಿದೆ. ಇಷ್ಟನ್ನು ಕಳೆದರೂ 38ಕ್ಕೂ ಸೊನ್ನೆಗೂ ಇರುವ ಅಂತರ ಮುಚ್ಚಿಹೋಗುವುದಿಲ್ಲ. ಬೆಳ್ಳುಳ್ಳಿ, ಅರಿಶಿನ ಸಾರಿಗೆ ಹಾಕೋಣ. ಅರಿಶಿನದ ಸಾರವನ್ನೇ ಗಟ್ಟಿ ಮಾಡಿದ ಕ್ಯಾಪ್ಸೂಲ್ ತಿಂದು ಲಿವರ್‌ಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಚಿಟಿಕೆ ಬೇರೆ, ಸಾರ ಬೇರೆ.

ಅವ್ವನ ಕಾಲು ನೋವಿನ ವಿಷಯಕ್ಕೆ ವಾಪಸ್ ಬರುತ್ತೇನೆ. ಅದನ್ನು ಸುಳ್ಳು ಅಂತ ತಳ್ಳಿಹಾಕಿದ್ದು ನಮ್ಮೆಲ್ಲರ ತಪ್ಪು. ಅವಳು ಎರಡು ಸಲ ಹೇಳಿದ್ದಳಂತೆ, ನಾನು "ವಯಸ್ಸಾಯ್ತಲ್ಲ" ಅಂದಿದ್ದೆನಂತೆ. ಇಲ್ಲಿಯ ಹೃದಯ ತಜ್ಞರ ಬಳಿ ಕರೆದುಕೊಂಡು ಹೋದೆ. ಬೈಯುತ್ತಾರೆ ಅಂತ ಅವ್ವ ಸೆರಗು ಹಿಂಡುತ್ತ ಕೂತಿದ್ದಳು. ಅವರು ಬೈಯಲಿಲ್ಲ. ಸ್ನಾಯುವಿಗೆ ಸಂಬಂಧಿಸಿದ ಒಂದು ರಕ್ತ ಪರೀಕ್ಷೆ, ಥೈರಾಯ್ಡ್, ವಿಟಮಿನ್ ಡಿ ನೋಡಿಸಿದರು. ಡಿ ತೀರಾ ಕಡಿಮೆ ಇತ್ತು. ಅದಕ್ಕೆ ಔಷಧ ಕೊಟ್ಟು, ಸ್ಟಾಟಿನ್ ಬಿಡಿಸದೆ ಬೇರೆ ಜಾತಿಯದಕ್ಕೆ ಬದಲಿಸಿದರು. ಲಂಡನ್ನಿನ ಒಂದು ಪ್ರಯೋಗದ ಬಗ್ಗೆ ಅವರೇ ಹೇಳಿದರು. ನೋವು ಅಂತ ಸ್ಟಾಟಿನ್ ಬಿಟ್ಟಿದ್ದ 60 ಜನಕ್ಕೆ ಒಂದು ವರ್ಷಕ್ಕೆ 12 ಬಾಟಲಿ ಕೊಟ್ಟರಂತೆ. ನಾಲ್ಕರಲ್ಲಿ ಸ್ಟಾಟಿನ್, ನಾಲ್ಕರಲ್ಲಿ ಸುಳ್ಳು ಮಾತ್ರೆ, ನಾಲ್ಕು ಖಾಲಿ. ಸ್ಟಾಟಿನ್ ತಿಂದಾಗ ಆದ ತೊಂದರೆಯಲ್ಲಿ ಶೇಕಡ 90ರಷ್ಟು ಸುಳ್ಳು ಮಾತ್ರೆ ತಿಂದಾಗಲೂ ಆಯಿತಂತೆ. ನೋವು ನಿಜವೇ. ಅದಕ್ಕೆ ಕಾರಣ ಗುಳಿಗೆಯೇ ಅಂತ ಪರೀಕ್ಷಿಸದೆ ಹೇಳಲಾಗುವುದಿಲ್ಲ. ಇದು 2020ರ ಅಧ್ಯಯನ, ನಾನು ಮನೆಗೆ ಬಂದು ಓದಿ ಅವ್ವನಿಗೆ ಕನ್ನಡದಲ್ಲಿ ಹೇಳಿದೆ. "ಖಾಲಿ ಬಾಟಲಿ ಯಾಕ ಕೊಟ್ರು?" ಅಂತ ಕೇಳಿ ಬಿದ್ದು ಬಿದ್ದು ನಕ್ಕಳು.

ಡಿಸೆಂಬರಿನಲ್ಲಿ ಹೊಸ ಗುಳಿಗೆ ಶುರು. ಜನವರಿ ಕೊನೆಗೆ ಎಲ್‌ಡಿಎಲ್ 66. ಆಗ ಡಾಕ್ಟರನ್ನು ಕೇಳಿಯೇ ಇಸಬ್‌ಗೋಲ್ ಸೇರಿಸಿದೆವು, ಬೇರೆ ಏನನ್ನೂ ಬದಲಿಸಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ನಮ್ಮ ಕೆಲಸದಲ್ಲಿ ಕಲಿತ ಬುದ್ಧಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ. ಮಾರ್ಚ್ ಮಧ್ಯಕ್ಕೆ 60. ಈ ಆರು ಅಂಕೆ ಹೊಟ್ಟಿನದೋ, ಲ್ಯಾಬಿನ ಏರುಪೇರೋ ನಾನು ಖಚಿತ ಹೇಳಲಾರೆ, ಅಷ್ಟು ವ್ಯತ್ಯಾಸ ಎರಡು ದಿನದ ಅಂತರದಲ್ಲೂ ಬರಬಹುದು. ಅವಳ ಗುರಿ 55. ಡಾಕ್ಟರು ಇನ್ನೊಂದು ಸಣ್ಣ ಗುಳಿಗೆ ಸೇರಿಸುವ ಮಾತಾಡುತ್ತಿದ್ದಾರೆ.

ಅದೇ ಹೊತ್ತಿಗೆ ನನ್ನದೂ ನೋಡಿಸಿಕೊಂಡೆ. 36 ವರ್ಷ, ತೆಳ್ಳಗಿದ್ದೇನೆ, ನನಗೇನಾಗುತ್ತದೆ ಅಂತ ಇದ್ದವಳು. ಎಲ್‌ಡಿಎಲ್ 152. ತಾಯಿಗೆ 65ರ ಒಳಗೆ ಹೃದಯಾಘಾತ ಆಗಿದ್ದರೆ ಮಕ್ಕಳಿಗೂ ಅಪಾಯದ ಲೆಕ್ಕ ಬೇರೆ ಅಂತ ಆಗಲೇ ಗೊತ್ತಾದದ್ದು. ಲಿಪೊಪ್ರೋಟೀನ್ ಎ ಎಂಬ ಇನ್ನೊಂದು ಪರೀಕ್ಷೆಯನ್ನು ಜೀವನದಲ್ಲಿ ಒಮ್ಮೆ ಮಾಡಿಸಿ ಅಂದರು. ಅದು ಹುಟ್ಟಿನಿಂದ ಬರುವುದು, ಯಾವ ಕಾಳು ಸೊಪ್ಪಿಗೂ ಬಗ್ಗುವುದಿಲ್ಲ. ಸಂಜೆ ನಾಲ್ಕು ಗಂಟೆಯ ಗಾಂಠಿಯಾ, ಫಾಫಡಾ ವಾರಕ್ಕೆ ಒಂದು ದಿನಕ್ಕೆ ಇಳಿಸಿದೆ, ರಾತ್ರಿ ಇಸಬ್‌ಗೋಲ್, ನದಿದಂಡೆಯಲ್ಲಿ ಮುಕ್ಕಾಲು ಗಂಟೆ ನಡಿಗೆ. ಒಂದೇ ಬದಲಾವಣೆ ಎಂಬ ನನ್ನ ನಿಯಮವನ್ನು ನಾನೇ ಮುರಿದೆ, ಒಪ್ಪಿಕೊಳ್ಳುತ್ತೇನೆ. ಏಪ್ರಿಲ್‌ನಲ್ಲಿ 131. ಇನ್ನೂ 100ಕ್ಕೆ ದೂರ ಇದೆ. ಮುಂದಿನ ತಿಂಗಳು ಮತ್ತೆ ಪರೀಕ್ಷೆ. ಗುಳಿಗೆ ಬೇಕು ಅಂದರೆ ತಗೊಳ್ಳುತ್ತೇನೆ. ಮಕ್ಕಳಾಗಬೇಕೆಂದಿರುವವರು, ಬಸುರಿಯರು ಮಾತ್ರ ಆ ವಿಷಯ ಡಾಕ್ಟರಿಗೆ ಮೊದಲೇ ಹೇಳಬೇಕು, ಸಾಮಾನ್ಯವಾಗಿ ಆಗ ಸ್ಟಾಟಿನ್ ನಿಲ್ಲಿಸುತ್ತಾರೆ.

ಕೊನೆಗೆ ಒಂದು ಕೆಲಸ ಹೇಳಲೇ? ಮನೆಯಲ್ಲಿರುವ ಪೂರಕಗಳ ಡಬ್ಬಿ ತೆಗೆದು ಹಿಂಭಾಗ ಓದಿ. ಆಹಾರ ಪೂರಕವಾಗಿ ಮಾರುವುದಾದರೆ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ "ಔಷಧಿಯಾಗಿ ಬಳಸಲು ಅಲ್ಲ" ಎಂಬ ಅರ್ಥದ ಸಾಲು ಅದರ ಮೇಲಿರಬೇಕು. ನನ್ನ ಡಬ್ಬಿಯಲ್ಲೂ ಇತ್ತು, ಇಂಗ್ಲಿಷಿನಲ್ಲಿ, ಭೂತಗನ್ನಡಿ ಬೇಕಾಗುವಷ್ಟು ಸಣ್ಣದಾಗಿ, ಹೃದಯದ ಚಿತ್ರದ ಬೆನ್ನಿಗೆ. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಆ ಡಬ್ಬಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಮುಂದಿನ ಸಲ ಡಾಕ್ಟರ್ ಹತ್ತಿರ ಒಯ್ಯಿರಿ. ಅತ್ತೆಯವರದು, ಅಮ್ಮನದು, ಯಜಮಾನರ ಜಿಮ್ಮಿನದು ಎಲ್ಲವನ್ನೂ. ಏನೇನು ತಿನ್ನುತ್ತೀರಿ ಅಂತ ಅವರು ಕೇಳದಿದ್ದರೂ ತೋರಿಸಿ.

ಅವ್ವ ಈಗ ಧಾರವಾಡಕ್ಕೆ ವಾಪಸ್ ಹೋಗಿದ್ದಾಳೆ. ಹೋಗುವಾಗ ಊಂಝಾದ ಇಸಬ್‌ಗೋಲ್ ಪೊಟ್ಟಣ ನಾಲ್ಕು ಕಟ್ಟಿಕೊಂಡಳು, ಎರಡು ತನಗೆ, ಎರಡು ಭಜನಾ ಗ್ರೂಪಿನವರಿಗೆ. "ಅವರಿಗೆ ಗುಳಿಗಿ ಬಿಡಬ್ಯಾಡ್ರಿ ಅಂತ ಹೇಳೇ ಕೊಡ್ತೀನಿ, ಚಿಂತಿ ಮಾಡಬ್ಯಾಡ" ಅಂದಿದ್ದಾಳೆ. ಭಾನುವಾರ ವಿಡಿಯೊ ಕಾಲ್‌ನಲ್ಲಿ ಗುಳಿಗೆಯ ಖಾಲಿ ಪಟ್ಟಿ ತೋರಿಸಬೇಕು ಎಂಬ ಒಪ್ಪಂದವಾಗಿದೆ. ಹೋದ ಭಾನುವಾರ ಪಟ್ಟಿ ತೋರಿಸಿ, "ನಿನ್ನ ರಿಪೋರ್ಟ್ ಯಾವಾಗ ಬರ್ತದ?" ಅಂತ ನನ್ನನ್ನೇ ಕೇಳಿದಳು.

ಪ್ರಶ್ನೆಗಳಿದ್ದರೆ ಚಾಟ್‌ನಲ್ಲಿ ಬರೆಯಿರಿ. ನನಗೆ ಗೊತ್ತಿಲ್ಲದಿದ್ದರೆ ಡಾಕ್ಟರನ್ನು ಕೇಳಿ ಮುಂದಿನ ಸಭೆಯಲ್ಲಿ ಹೇಳುತ್ತೇನೆ.